ಹೋಸ್ಟಾಕ್ಕೆ ಸಾಲದ ಥಂಡಿ

ಹೋಸ್ಟಾ ಎಲೆಯ ಚೆಲುವಿಗಾಗಿಯೇ ಬೆಳೆಸುವ, ನೆರಳು ಬಯಸುವ ಬಹುವಾರ್ಷಿಕ ಗಿಡ. ತವರು ಜಪಾನ್, ಕೊರಿಯಾ, ಚೀನಾ. 1812ರಲ್ಲಿ ಆಸ್ಟ್ರಿಯಾದ ಸಸ್ಯಶಾಸ್ತ್ರಜ್ಞ ನಿಕೋಲಾಸ್ ಥಾಮಸ್ ಹೋಸ್ಟ್‌ನ ಹೆಸರನ್ನು ಇದಕ್ಕೆ ಇಟ್ಟರು. ಅಗಲವಾದ, ನರ ಎದ್ದು ಕಾಣುವ ಎಲೆ. ಕೆಲವು ತಳಿಗೆ ಬಿಳಿ ಅಂಚು, ಕೆಲವಕ್ಕೆ ನೀಲಿ ಛಾಯೆ. ಹೂವೂ ಬಿಡುತ್ತದೆ, ಅದನ್ನು ಯಾರೂ ಅಷ್ಟಾಗಿ ಲೆಕ್ಕಕ್ಕೆ ಹಿಡಿಯುವುದಿಲ್ಲ. ಅಮೆರಿಕದ ಉತ್ತರದ ರಾಜ್ಯಗಳಲ್ಲಿ ಮರದ ಬುಡ, ಗೋಡೆಯ ಮಗ್ಗಲು, ಎಲ್ಲಿ ನೆರಳಿದೆಯೋ ಅಲ್ಲೆಲ್ಲ ಹೋಸ್ಟಾ ಇರುತ್ತದೆ. ಕಲಬುರಗಿ ಜಿಲ್ಲೆಯ ಆಳಂದ, ಅಫಜಲಪುರ, ಜೇವರ್ಗಿ ತಾಲ್ಲೂಕುಗಳ ಕಡೆಯಿಂದ ಹೋಗಿ ಅಲ್ಲಿ ಮನೆ ಕೊಂಡವರಿಗೆ ಹೋಸ್ಟಾವನ್ನು ಬೇರೆ ಕೊಳ್ಳುವ ಪ್ರಸಂಗ ಬರುವುದು ಕಡಿಮೆ. ಹಳೆಯ ಮಾಲೀಕ ಬಿಟ್ಟುಹೋದ ವಸ್ತುಗಳಲ್ಲಿ ಅದೂ ಒಂದಾಗಿರುತ್ತದೆ.

ಚಳಿಗಾಲದಲ್ಲಿ ಇದರ ಆರೈಕೆ ಎಂದರೆ ಬಹುಪಾಲು ಕೈಕಟ್ಟಿ ಕೂರುವುದು. ಮೊದಲ ಹೆಪ್ಪುಗಟ್ಟುವ ಚಳಿಗೆ ಎಲೆ ಹಳದಿಯಾಗಿ, ಲೊಳಲೊಳನೆ ನೆಲಕ್ಕೆ ಒರಗುತ್ತದೆ. ಆಗ ಅದನ್ನು ಬುಡಮಟ್ಟ ಕೊಯ್ದು ದೂರ ಒಯ್ದು ಚೆಲ್ಲಬೇಕು, ಇಲ್ಲವಾದರೆ ಅದರಡಿ ಗೊಂಡೆಹುಳು ಮೊಟ್ಟೆ ಇಟ್ಟು ಸಂಸಾರ ಹೂಡುತ್ತದೆ. ನೆಲ ಹೆಪ್ಪುಗಟ್ಟಿದ ಮೇಲೆ ಒಣ ಎಲೆಯನ್ನೋ ಮರದ ತೊಗಟೆಯ ಚೂರನ್ನೋ ಮೂರು ಇಂಚು ಹೊದಿಸಬೇಕು. ಈ ಹೊದಿಕೆ ಗಿಡವನ್ನು ಬೆಚ್ಚಗಿಡುವುದಕ್ಕಲ್ಲ, ತಣ್ಣಗೇ ಉಳಿಸುವುದಕ್ಕೆ. ನಡುವೆ ಎರಡು ದಿನ ಬಿಸಿಲು ಬಿದ್ದು ನೆಲ ಕರಗಿ, ಮತ್ತೆ ಹೆಪ್ಪುಗಟ್ಟಿದರೆ ಮಣ್ಣು ಉಬ್ಬಿ ಗಡ್ಡೆಯನ್ನು ಮೇಲಕ್ಕೆ ತಳ್ಳುತ್ತದೆ. ಕುಂಡದಲ್ಲಿರುವುದನ್ನು ಹೀಟರ್ ಇಲ್ಲದ ಗ್ಯಾರೇಜಿಗೆ ಒಯ್ದಿಟ್ಟರೆ ಮುಗಿಯಿತು. ಹಿಮದಡಿಯಲ್ಲಿ ಸುರಂಗ ತೋಡಿ ಬೇರು ತಿನ್ನುವ ಇಲಿಯೊಂದೇ ಆಮೇಲಿನ ಚಿಂತೆ.

ಊರಿಂದ ಮಗನ ಮನೆಗೆ ಬಂದ ತಾಯಿಗೆ ಇಷ್ಟು ಆರೈಕೆ ಸಾಲುವುದಿಲ್ಲ. ನವೆಂಬರಿನ ಒಂದು ಮುಂಜಾನೆ ಮಾತು ಹೀಗೆ ನಡೆಯುತ್ತದೆ:

“ಯಪ್ಪಾ, ಗಿಡ ಒಣಗ್ಲತ್ತದ, ಒಂದ್ ಚರಗಿ ನೀರರೆ ಹಾಕು.”

“ಅದು ಮಲಗ್ಯದ ಯವ್ವಾ, ಸತ್ತಿಲ್ಲ.”

“ಮಲಗಿದ್ರ ಎಲಿ ಯಾಕ ಕೊಯ್ದಿ?”

ತೋಟಗಾರಿಕೆಯ ಯಾವ ಕೈಪಿಡಿಯಲ್ಲೂ ಈ ಪ್ರಶ್ನೆಗೆ ತೃಪ್ತಿಕರ ಉತ್ತರವಿಲ್ಲ. ಮಗ ಕೆಲಸಕ್ಕೆ ಹೋದ ಮೇಲೆ ಚರಗಿ ನೀರು ಬಿದ್ದೇ ಬೀಳುತ್ತದೆ. ಗಡ್ಡೆ ಕೊಳೆಯಲು ಅಷ್ಟು ಸಾಕು. ವಸಂತದಲ್ಲಿ ಗಿಡ ಏಳದಿದ್ದಾಗ, ನೀರು ಕಡಿಮೆ ಬಿತ್ತೆಂದೇ ತಾಯಿಯ ತೀರ್ಮಾನ.

ಹೋಸ್ಟಾ ಹೀಗೆ ಮಲಗುವುದು ಸೋಮಾರಿತನದಿಂದಲ್ಲ. ಗಡ್ಡೆಯ ಮೊಗ್ಗು ಮುಂದಿನ ವರ್ಷ ಸರಿಯಾಗಿ ಒಡೆಯಬೇಕಾದರೆ ಸುಮಾರು ಆರು ವಾರ 4–5 ಡಿಗ್ರಿ ಸೆಲ್ಸಿಯಸ್ ಅಥವಾ ಅದಕ್ಕಿಂತ ಕೆಳಗಿನ ಚಳಿ ಬೇಕು. ಊರಿನ ಆ ಮೂರು ತಾಲ್ಲೂಕುಗಳ ಥಂಡಿ ಇಲ್ಲಿ ಸೋಲುತ್ತದೆ. ಡಿಸೆಂಬರ್, ಜನವರಿಯಲ್ಲಿ ಕಲಬುರಗಿ ಸೀಮೆಯ ರಾತ್ರಿ 15 ಡಿಗ್ರಿ ಆಸುಪಾಸು ಇರುತ್ತದೆ. ಜೋರಾದ ವರ್ಷ 10ರ ಹತ್ತಿರ ಇಳಿಯುತ್ತದೆ. ಮಧ್ಯಾಹ್ನ ಹೆಚ್ಚುಕಡಿಮೆ 30. ಮನುಷ್ಯರ ಮಟ್ಟಿಗೆ ಇದು ಭಯಂಕರ ಥಂಡಿಯೇ. ಆಳಂದದ ಬಸ್‌ಸ್ಟ್ಯಾಂಡಿನಲ್ಲಿ ಮುಂಜಾನೆ ಮಫ್ಲರ್ ಇಲ್ಲದ ಕಿವಿ ಕಾಣುವುದಿಲ್ಲ. ದತ್ತ ಜಯಂತಿಗೆ ಅಫಜಲಪುರ ತಾಲ್ಲೂಕಿನ ಗಾಣಗಾಪುರಕ್ಕೆ ಬಂದವರು ಭೀಮಾ–ಅಮರ್ಜಾ ಸಂಗಮದಲ್ಲಿ ಒಂದು ಮುಳುಗಿಗೆ ಇಳಿದು ಗುರುವಿನ ಹೆಸರನ್ನು ಮಾಮೂಲಿಗಿಂತ ಗಟ್ಟಿಯಾಗಿ ಕೂಗುತ್ತಾರೆ. ರಾತ್ರಿ ಕೌದಿಯ ಮೇಲೊಂದು ಕಂಬಳಿ, ಮಧ್ಯಾಹ್ನ ಊಟವಾದ ಮೇಲೆ ಫ್ಯಾನ್ ಒಂದರಲ್ಲಿ. ಹೋಸ್ಟಾ ಮಾತ್ರ ಇದನ್ನು ಚಳಿಗಾಲವೆಂದು ಒಪ್ಪುವುದಿಲ್ಲ. ನಿದ್ದೆಗೆಟ್ಟ ಗಿಡ ವರ್ಷದಿಂದ ವರ್ಷಕ್ಕೆ ಎಲೆ ಸಣ್ಣ ಮಾಡಿಕೊಳ್ಳುತ್ತ ಬರುತ್ತದೆ. 40 ದಾಟಿದ ಒಂದು ಏಪ್ರಿಲ್ ಉಳಿದದ್ದನ್ನು ಮುಗಿಸುತ್ತದೆ.

ಹಟ ಬಿಡದವರಿಗೆ ಫ್ರಿಜ್ ಒಂದೇ ದಾರಿ. ಗಡ್ಡೆ ಕಿತ್ತು, ಮಣ್ಣು ಕೊಡವಿ, ತುಸುವೇ ತೇವದ ತೆಂಗಿನ ನಾರಿನ ಪುಡಿಯಲ್ಲಿ ಸುತ್ತಿ, ತೂತಿರುವ ಪ್ಲಾಸ್ಟಿಕ್ ಚೀಲದಲ್ಲಿಟ್ಟು ಕನಿಷ್ಠ ಆರೆಂಟು ವಾರ ತರಕಾರಿ ಡಬ್ಬಿಯಲ್ಲಿ ಇಡಬೇಕು. ಜೊತೆಗೆ ಬಾಳೆ, ಸೇಬು ಇರಕೂಡದು. ಮಾಗುವ ಹಣ್ಣು ಬಿಡುವ ಎಥಿಲೀನ್ ಅನಿಲ ಮೊಗ್ಗಿಗೆ ಕೇಡು. ಕರೆಂಟು ಹೋದಷ್ಟು ಹೊತ್ತು ಚಳಿಯ ಲೆಕ್ಕ ತಪ್ಪುತ್ತದೆ. ಇವೆರಡಕ್ಕಿಂತ ದೊಡ್ಡ ಅಪಾಯ ಮನೆಯವರು. ಮೆಂತ್ಯಪಲ್ಯೆಗೂ ಹಸಿಮೆಣಸಿನಕಾಯಿಗೂ ನಡುವೆ ಕೂತ ಹೆಸರಿಲ್ಲದ ಗಡ್ಡೆ ಒಂದು ದಿನ ಒಗ್ಗರಣೆಗೆ ಬೀಳಬಹುದು. ಹೋಸ್ಟಾದ ಎಳೆ ಮೊಳಕೆಯನ್ನು ಜಪಾನಿನಲ್ಲಿ ‘ಉರುಯಿ’ ಎಂದು ಕರೆದು ತರಕಾರಿಯಾಗಿ ತಿನ್ನುತ್ತಾರೆ. ಆದ್ದರಿಂದ ಗಡ್ಡೆಯಲ್ಲಿ ಆಗಲೇ ಮೊಳಕೆ ಬಂದಿದ್ದರೆ ಅಡುಗೆಯವರ ಮೇಲೆ ತಪ್ಪು ಹೊರಿಸುವುದೂ ಕಷ್ಟ.

ಇಷ್ಟೆಲ್ಲ ಬೇಡವೆನ್ನುವವರಿಗೆ ಬಚ್ಚಲ ನೀರು ಹರಿಯುವಲ್ಲಿ ಕೆಸುವು ಇದ್ದೇ ಇದೆ. ಅದೂ ಅಗಲ ಎಲೆಯದು, ಅದೂ ನೆರಳಿನದು, ಅದೂ ಗಡ್ಡೆಗೆ ಇಳಿದು ಮಲಗುವ ಜಾತಿ. ಮೇಲಾಗಿ ಎಲೆಗೆ ಕಡಲೆಹಿಟ್ಟು ಸವರಿ, ಸುತ್ತಿ, ಉಗಿಯಲ್ಲಿ ಬೇಯಿಸಿ, ಹೋಳು ಮಾಡಿ ಕರಿಯಬಹುದು. ಹುಣಸೆಹುಳಿ ಮರೆತರೆ ಎಲೆಯಲ್ಲಿನ ಆಕ್ಸಲೇಟ್ ಸೂಜಿಗಳು ಗಂಟಲು ಹಿಡಿಯುತ್ತವೆ. ಥಂಡಿಯಲ್ಲಿ ಎಲೆ ಸಣ್ಣದಾಗಿ ಅಂಚು ಹಳದಿಯಾಗುತ್ತದೆ. ಹಳದಿ ಎಲೆ ತೆಗೆದು ಸುಮ್ಮನಿರಬೇಕು. ಬಚ್ಚಲ ನೀರು ಬರುವುದು ನಿಂತರೆ ಮಾತ್ರ ಎಲೆಯೆಲ್ಲ ಬಿದ್ದು ಗಡ್ಡೆ ಮಲಗುತ್ತದೆ. ಅಂದರೆ ಅದರ ನಿದ್ದೆ ಚಳಿಗಿಂತ ಹೆಚ್ಚಾಗಿ ಮನೆಮಂದಿ ಎಷ್ಟು ಸಲ ಜಳಕ ಮಾಡುತ್ತಾರೆ ಎಂಬುದನ್ನು ಅವಲಂಬಿಸಿದೆ.

ಅಂಗಳದ ತುಳಸಿಯ ಕತೆ ಬೇರೆ. ಕಾರ್ತಿಕದಲ್ಲಿ ಕಬ್ಬು, ನೆಲ್ಲಿ ಟೊಂಗೆ ಕಟ್ಟಿ ಅದಕ್ಕೆ ಮದುವೆ ಮಾಡುತ್ತಾರೆ. ಮದುವೆಯಾದ ತಿಂಗಳೊಳಗೆ ಅದು ಸೊರಗುತ್ತದೆ. ದೃಷ್ಟಿ ತಾಗಿತು, ಥಂಡಿ ಹೊಡೆಯಿತು ಎಂಬ ವಿವರಣೆಗಳು ಸಿದ್ಧವಾಗಿರುತ್ತವೆ. ತಂಪು ರಾತ್ರಿಯ ಪಾಲೂ ಇದೆ, ಸುಳ್ಳಲ್ಲ. ಹೆಚ್ಚಿನ ಪಾಲು ತೆನೆಯದು: ತೆನೆ ಬಲಿತು ಬೀಜ ಕಟ್ಟಿದ ತುಳಸಿ ತನ್ನ ಕೆಲಸ ಮುಗಿಯಿತೆಂದು ತಿಳಿಯುತ್ತದೆ. ತೆನೆ ಮೂಡಿದ ಹಾಗೆ ಚಿವುಟಬೇಕು. ಮಣ್ಣು ಒಂದು ಬೆರಳು ಆಳ ಒಣಗಿದ ಮೇಲೆ ನೀರು ಹಾಕಬೇಕು. ಅರಿಶಿನ ಕುಂಕುಮ ಕಟ್ಟೆಗೆ ಸಾಕು, ಬೇರಿಗೆ ಬೇಡ. ದೀಪವನ್ನು ಒಂದು ಗೇಣು ದೂರ ಇಡಬೇಕು. ಅತ್ತೆ, ಸೊಸೆ, ಮಗಳು ಮೂವರೂ ಜಳಕ ಮಾಡಿ ಒಂದೊಂದು ತಂಬಿಗೆ ಸುರಿಯುವ ಮನೆಯಲ್ಲಿ ತುಳಸಿಯ ಆಯುಷ್ಯ ಭಕ್ತಿಗೆ ವಿಲೋಮ ಪ್ರಮಾಣದಲ್ಲಿ ಇರುತ್ತದೆ.

ಹೊದಿಕೆಯ ವಿದ್ಯೆಯನ್ನು ಕಾಣಬೇಕಾದರೆ ಅಂಗಳ ಬಿಟ್ಟು ಜೇವರ್ಗಿಯ ಎರೆಹೊಲಕ್ಕೆ ಹೋಗಬೇಕು. ಹಿಂಗಾರಿ ಬಿಳಿಜೋಳ ಬಿತ್ತುವುದು ಸೆಪ್ಟೆಂಬರ್, ಅಕ್ಟೋಬರಿನಲ್ಲಿ. ಬಹಳ ಕಡೆ ಇಂದಿಗೂ ಅದು ಮಾಲದಂಡಿಯೇ. ಅದರಲ್ಲಿನ ಹೆಸರುವಾಸಿ ಎಂ 35-1ನ್ನು ಆಯ್ದದ್ದು ಪಕ್ಕದ ಸೋಲಾಪುರ ಜಿಲ್ಲೆಯ ಮೊಹೋಳದಲ್ಲಿ. ಆಮೇಲೆ ಮಳೆ ಬಂದರೆ ಬಂತು, ಇಲ್ಲವಾದರೆ ಇಲ್ಲ. ಕರಿಮಣ್ಣು ಹೀರಿಟ್ಟುಕೊಂಡ ಹಸಿಯ ಮೇಲೆಯೇ ಬೆಳೆ ಏಳಬೇಕು. ಆದರೆ ಇದೇ ಮಣ್ಣು ಒಣಗುತ್ತ ಬಿರಿಯುತ್ತದೆ. ಕಾಲು ಸಿಕ್ಕುವಷ್ಟು ಅಗಲದ ಬಿರುಕಿನಿಂದ ಆಳದ ಹಸಿಯೂ ಆರಿಹೋಗುತ್ತದೆ. ಆದ್ದರಿಂದ ಸಾಲಿನ ನಡುವೆ ಎತ್ತಿನ ಎಡೆಕುಂಟಿ ಹೊಡೆಯುತ್ತಾರೆ. ಕುಂಟಿಯ ಕುಡ ಮೇಲ್ಮಣ್ಣನ್ನು ಎರಡಿಂಚು ಪುಡಿ ಮಾಡುತ್ತ ಹೋದಂತೆ ಆ ಪುಡಿ ಬಿರುಕಿಗೆ ಇಳಿದು ತುಂಬಿಕೊಳ್ಳುತ್ತದೆ, ಹೊಲ ತನ್ನ ಮಣ್ಣನ್ನೇ ಹೊದ್ದುಕೊಳ್ಳುತ್ತದೆ. ಹೋಸ್ಟಾದವರು ಚೀಲಕ್ಕಿಷ್ಟೆಂದು ದುಡ್ಡು ಕೊಟ್ಟು ತರುವ ತೊಗಟೆಯ ಕೆಲಸ ಇಲ್ಲಿ ಬಿಟ್ಟಿ ಆಗುತ್ತದೆ, ಎತ್ತಿನ ಮೇವಿನ ಲೆಕ್ಕ ಹಿಡಿಯದಿದ್ದರೆ.

ಬೆಳೆಗೆ ಉಣಿಸುವ ಶಾಸ್ತ್ರವೂ ಥಂಡಿಯಲ್ಲೇ ಬರುತ್ತದೆ. ಎಳ್ಳಮವಾಸ್ಯೆಯ ದಿನ ಊರು ಊರೇ ಬುತ್ತಿ ಕಟ್ಟಿಕೊಂಡು ಹೊಲಕ್ಕೆ ಹೊರಡುತ್ತದೆ. ಸಜ್ಜೆ ಕಡಬು, ಭಜ್ಜಿ, ಶೇಂಗಾ ಹೋಳಿಗೆ, ಅಂಬಲಿ. ಐದು ಕಲ್ಲು ಇಟ್ಟು ಪಾಂಡವರೆಂದು ಪೂಜಿಸಿ, ಎಡೆಯನ್ನು ಕಲಸಿ ಹೊಲದ ಸುತ್ತ ಚರಗ ಚೆಲ್ಲುತ್ತಾರೆ. ಗೊಬ್ಬರವಾಗಿ ಇದರ ಪ್ರಮಾಣ ಎಕರೆಗೆ ಒಂದು ಬುಟ್ಟಿಗೂ ಕಡಿಮೆ. ಬೆಳೆಗಿಂತ ಹಕ್ಕಿಗೆ, ಇರುವೆಗೆ ಹೆಚ್ಚು ದಕ್ಕುತ್ತದೆ. ಉಂಡು ಜೋಳದ ನೆರಳಲ್ಲಿ ಅಡ್ಡಾದ ಯಜಮಾನನಂತೂ ಹೋಸ್ಟಾಕ್ಕೂ ಬಾರದಂಥ ನಿದ್ದೆ ತೆಗೆಯುತ್ತಾನೆ.

ಚಳಿ ಶಿವರಾತ್ರಿಗೆ ಶಿವ ಶಿವ ಎಂದು ಹೋಗುತ್ತದೆ. ಅಷ್ಟರೊಳಗೆ ಕುಂಡಗಳನ್ನು ಬಿಸಿಲಿನಿಂದ ಪಡಸಾಲೆಯ ನೆರಳಿಗೆ ಸರಿಸಬೇಕು, ಕೆಸುವಿನ ಹೆಚ್ಚಿನ ಗಡ್ಡೆ ಕಿತ್ತು ಒಣ ಮರಳಲ್ಲಿ ಇಡಬೇಕು, ಚಿವುಟಿದ ತುಳಸಿಗೆ ಹೊಸ ಮಣ್ಣು ಕೊಡಬೇಕು. ಈ ಸೀಮೆಯ ಗಿಡಗಳಿಗೆ ಉಸಿರು ಹಿಡಿದು ಮಲಗುವ ಕಾಲ ಶುರುವಾಗುವುದು ಇಲ್ಲಿಂದ, ಮಾರ್ಚಿನಿಂದ ಮಿರಗದ, ಅಂದರೆ ಮೃಗಶಿರಾ ಮಳೆಯ ತನಕ. ಫ್ರಿಜ್ಜಿನ ಹೋಸ್ಟಾವನ್ನು ಹೊರಗೆ ತೆಗೆಯಲು ಪಂಡಿತರು ಹೇಳುವ ವಸಂತವೂ ಸರಿಯಾಗಿ ಆಗಲೇ ಬರುತ್ತದೆ. ತರಕಾರಿ ಡಬ್ಬಿ ಖಾಲಿ ಮಾಡಿ ಎಂದು ಮನೆಯವರು ಎಷ್ಟೇ ಹೇಳಲಿ, ಮಿರಗ ಹುಟ್ಟುವ ತನಕ ತೆಗೆಯದಿರುವುದು ಲೇಸು.