ಅಜ್ಜಯ್ಯನ ಹೈಫೈ

ಮುಂಬಯಿಯಲ್ಲಿ ದುಡಿದು ಕೆರಾಡಿಗೆ ಮರಳಿದ ಅಜ್ಜಯ್ಯಂದಿರ ಚಾವಡಿಯಲ್ಲಿ ಟಿವಿಗಿಂತ ಗತ್ತಿನಿಂದ ಕೂತಿರುವುದು ಹಳೆಯ ಸ್ಟೀರಿಯೋ. ಮೇಲೆ ಟರ್ನ್‌ಟೇಬಲ್, ಕೆಳಗೆ ಕ್ಯಾಸೆಟ್ ಡೆಕ್, ಅದರಡಿ ಆಂಪ್ಲಿಫೈಯರ್. ನಡುವೆ ಸಾಲು ಗುಂಡಿಗಳ ಈಕ್ವಲೈಸರ್.

"ಇದ್ ಎಂತಕ್ಕ್ ಅಜ್ಜಯ್ಯ?"

"ಮುಟ್ಬೇಡ ಮಾರಾಯ, ಅದ್ ಚೆಂದಕ್ಕ್ ಇಪ್ಪುದ್!"

ಚೆಂದಕ್ಕಲ್ಲ. ತಗ್ಗಿನ ದನಿ, ಏರಿನ ದನಿಗಳನ್ನು ಬೇರೆ ಬೇರೆಯಾಗಿ ಏರಿಸಿ ಇಳಿಸಲಿಕ್ಕೆ. ಈ ಎರಡನ್ನೇ ತುದಿಗೇರಿಸಿದರೆ ಚೆಂಡೆಯಬ್ಬರದಲ್ಲಿ ಯಕ್ಷಗಾನದ ಭಾಗವತರೇ ನಾಪತ್ತೆ.

ಟರ್ನ್‌ಟೇಬಲ್ಲಿನದು ಮೆಲುಮಾತು, ಅದರ ಮುಳ್ಳು ಕೊಡುವ ವಿದ್ಯುತ್ತು ಕೆಲವೇ ಮಿಲಿವೋಲ್ಟ್. ಹಾಗಾಗಿ ಆಂಪ್ಲಿಫೈಯರಿನಲ್ಲಿ 'ಫೋನೋ' ಎಂದು ಬರೆದ ತೂತಿಗೇ ಸಿಕ್ಕಿಸಬೇಕು. ಬೇರೆಡೆ ಸಿಕ್ಕಿಸಿ "ಸ್ಪೀಕರ್ ಸತ್ತಿತ್ತ್" ಎಂದು ಘೋಷಿಸುವ ಪಂಡಿತರು ಊರಿಗೊಬ್ಬರಾದರೂ ಇದ್ದಾರೆ.

ನಮ್ಮ ಕಡೆ ನಿಜವಾದ ರಾಜ ಕ್ಯಾಸೆಟ್ಟೇ. ಫಿಲಿಪ್ಸ್ ಕಂಪನಿ 1963ರಲ್ಲಿ ಹೊರತಂದ ಈ ಡಬ್ಬಿಯಲ್ಲಿ ಟೇಪು ಸೆಕೆಂಡಿಗೆ 4.76 ಸೆಂಟಿಮೀಟರ್ ಓಡುತ್ತದೆ. 90 ನಿಮಿಷದ ಕ್ಯಾಸೆಟ್ಟೆಂದರೆ ಒಂದು ಬದಿಗೆ 45 ನಿಮಿಷ. ರಾತ್ರಿಯಿಡೀ ನಡೆಯುವ ಯಕ್ಷಗಾನಕ್ಕೆ ಇದೆಲ್ಲಿ ಸಾಲುತ್ತದೆ? ಭಾಗವತ ಕಾಳಿಂಗ ನಾವಡರ ಪದ್ಯ ರಂಗೇರುವ ಹೊತ್ತಿಗೆ ಟಕ್! ಯಾರಾದರೂ ಎದ್ದು ಬದಿ ತಿರುಗಿಸಬೇಕು. ಎಲ್ಲರಿಗೂ ಆಗಲೇ ಮಂಡಿನೋವು.

ಇದಕ್ಕೆಲ್ಲ ದೊಡ್ಡ ವೈರಿ ಆಷಾಢದ ಮಳೆ. ಟೇಪಿಗೆ ಬೂಷ್ಟು, ಟೇಪು ಓದುವ ಹೆಡ್ಡಿಗೆ ಕಿಲುಬು. ವಯಸ್ಸಾದ ರಬ್ಬರ್ ಬೆಲ್ಟ್ ಸಡಿಲವಾದರೆ ಅಭಿಮನ್ಯುವೂ ಆಕಳಿಸುತ್ತಾನೆ.

ಹಾಗಾಗಿ ಗುಜರಿಯವನನ್ನು ಕರೆಯುವ ಮೊದಲು ಬೆಲ್ಟ್ ಬದಲಿಸಿ, ಹತ್ತಿಗೆ ಸ್ಪಿರಿಟ್ ಅದ್ದಿ ಹೆಡ್ ಒರೆಸಿ ನೋಡಿ. ಅಜ್ಜಯ್ಯ ಮನೆಯಲ್ಲಿಲ್ಲದಾಗ ಮಾತ್ರ ಬೇಡ.