ಹೊಸ ಕ್ರ್ಯಾಂಕ್‌ಬೇಟ್ ಹಿಡಿದು ನಮ್ಮ ಹೊಳೆಗೆ ಬರುವವರಿಗೊಂದು ಬಹಿರಂಗ ಪತ್ರ

ಗಾಳದ ಗೆಳೆಯರೇ,

ಬಿಸಿಲು ಏರಿತೆಂದರೆ ಶಾಂತಿಮೊಗರು ಸೇತುವೆಯ ಕೆಳಗೆ, ಉಪ್ಪಿನಂಗಡಿಯ ಸಂಗಮದ ಆಚೀಚೆ, ಸುಳ್ಯದ ಪಯಸ್ವಿನಿಯ ಬಂಡೆಗಳ ಮೇಲೆ ನೀವು ಕಾಣಿಸಿಕೊಳ್ಳುತ್ತೀರಿ. ಕೈಯಲ್ಲಿ ರೀಲಿನ ರಾಡು, ಹೆಗಲಲ್ಲಿ ಡಬ್ಬಿ, ಡಬ್ಬಿಯೊಳಗೆ ಹೊಸದಾಗಿ ತರಿಸಿದ ಪ್ಲಾಸ್ಟಿಕ್ ಮೀನು. ಚಪ್ಪಟೆ ಮೈ, ಮೂತಿಯಡಿ ಪಾರದರ್ಶಕ ತುಟಿ, ಹೊಟ್ಟೆಗೊಂದು ಬಾಲಕ್ಕೊಂದು ಮೂರು ಮೊನೆಯ ಕೊಕ್ಕೆ. ತಣ್ಣೀರಿನ ಬಾಸ್ ಮೀನಿಗೆಂದೇ ಮಾಡಿದ ಕ್ರ್ಯಾಂಕ್‌ಬೇಟ್ ಅದು. ‘ಟೆಸ್ಟ್ ಮಾಡಿ ನೋಡ್ತೇವೆ’ ಎನ್ನುತ್ತೀರಿ. ಗಾಳ ಹಾಕುವವರ ಮೇಲೆ ನನಗೆ ಸಿಟ್ಟಿಲ್ಲ. ಎರೆಹುಳ ಚುಚ್ಚಿ ಹೊಳೆಬದಿಯಲ್ಲಿ ಕುಳಿತೇ ನಾನೂ ದೊಡ್ಡವನಾದವನು. ಈ ಪರೀಕ್ಷೆಯ ಬಗ್ಗೆ ಮಾತ್ರ ನಿಮ್ಮೊಡನೆ ಮಾತಾಡಬೇಕಾಗಿದೆ.

ನಿಮ್ಮ ಕೈಯಲ್ಲಿರುವುದು ಜಾಣ ಕೆಲಸ, ಅದರಲ್ಲಿ ಎರಡು ಮಾತಿಲ್ಲ. 1936ರಲ್ಲಿ ಫಿನ್ಲೆಂಡಿನ ಮೀನುಗಾರ ಲೌರಿ ರಾಪಲಾ ಕಾರ್ಕು ಕೆತ್ತಿ, ಗಾಯಗೊಂಡ ಸಣ್ಣ ಮೀನಿನ ಓಲಾಟವನ್ನು ಅದಕ್ಕೆ ಕೊಟ್ಟ. ತುಟಿಯ ಮಹಿಮೆಯೇ ಎಲ್ಲ. ರೀಲು ಸುತ್ತಿದಂತೆ ನೀರು ತುಟಿಯನ್ನು ಒತ್ತುತ್ತದೆ, ಮೂತಿ ಕೆಳಗಾಗುತ್ತದೆ, ಮೈ ಎಡಬಲಕ್ಕೆ ಅದುರುತ್ತದೆ. ತುಟಿ ಉದ್ದವಾಗಿ ಮುಂದಕ್ಕೆ ಚಾಚಿದ್ದರೆ ಆಳಕ್ಕೆ ಇಳಿಯುತ್ತದೆ. ಗಿಡ್ಡವಾಗಿ ಕೆಳಮುಖವಾಗಿದ್ದರೆ ಮೇಲುಮೇಲೇ ಬರುತ್ತದೆ. ಅದೇ ಗಾಳ ತೆಳು ದಾರದಲ್ಲಿ ಇನ್ನೂ ಆಳಕ್ಕೆ ಹೋಗುತ್ತದೆ. ತಣ್ಣೀರಿನದ್ದಕ್ಕೆ ಚಪ್ಪಟೆ ಮೈ, ಬಿಗಿಯಾದ ಸಣ್ಣ ಅದುರು ಕೊಟ್ಟಿರುವುದಕ್ಕೂ ಕಾರಣವಿದೆ. ಉತ್ತರ ಅಮೆರಿಕದ ಕೆರೆಗಳಲ್ಲಿ ನೀರು 10 ಡಿಗ್ರಿಗಿಂತ ಕೆಳಗಿಳಿದಾಗ ಬಾಸ್ ಮೀನಿನ ಜೀವಕ್ರಿಯೆಯೇ ಮಂದವಾಗುತ್ತದೆ. ಅದು ಬೇಟೆಯನ್ನು ಬೆನ್ನಟ್ಟಿ ಹೋಗುವುದಿಲ್ಲ. ಮೂತಿಯೆದುರು ನಿಧಾನಕ್ಕೆ ಹಾದುಹೋದದ್ದಕ್ಕೆ ಮಾತ್ರ, ಮನಸ್ಸಿದ್ದರೆ, ಬಾಯಿ ತೆರೆಯುತ್ತದೆ. ಒಲ್ಲದ ಮೀನನ್ನು ಒಲಿಸಿದರೆ ಆ ಗಾಳ ಪಾಸು.

ಕುಮಾರಧಾರೆಗೆ ಅಂಥ ಚಳಿ ಎಲ್ಲಿಂದ ಬರಬೇಕು? ಪುಷ್ಪಗಿರಿಯ ಕಡೆಯಿಂದ ಇಳಿದು, ಸುಬ್ರಹ್ಮಣ್ಯ ದಾಟಿ, ಗುಂಡ್ಯ ಹೊಳೆಯನ್ನು ಕೂಡಿಸಿಕೊಂಡು ಉಪ್ಪಿನಂಗಡಿಯಲ್ಲಿ ನೇತ್ರಾವತಿಗೆ ಸೇರುವ ಈ ಹೊಳೆ ಚಂಪಾಷಷ್ಠಿಯ ಮುಂಜಾವದಲ್ಲಿ ಮೀಯುವವರನ್ನು ನಡುಗಿಸುವುದು ನಿಜ. ಆದರೂ 10 ಡಿಗ್ರಿಯ ಹತ್ತಿರಕ್ಕೂ ಅದು ಇಳಿಯುವುದಿಲ್ಲ. ಬಾಸ್ ಮೀನಂತೂ ಇಲ್ಲಿ ಇಲ್ಲವೇ ಇಲ್ಲ. ಇಲ್ಲಿರುವುದು ಮುಗುಡು, ಕೊರವ, ಮತ್ತೆ ನಿಮ್ಮ ಕಣ್ಣೆಲ್ಲ ನೆಟ್ಟಿರುವ ಮಹಶೀರ್, ನಮ್ಮ ಪೆರುವೊಲು, ದೇವರ ಮೀನು.

ಏಪ್ರಿಲ್ ಹೊತ್ತಿಗೆ ಹರಿವು ಸೊರಗಿ ಹೊಳೆ ಕಯಗಳಾಗಿ ತುಂಡಾಗುತ್ತದೆ. ಮೇಲಕ್ಕೆ ಹೋಗಲು ನೀರಿಲ್ಲ, ಕೆಳಗೆ ಕಿಂಡಿ ಅಣೆಕಟ್ಟಿನ ಹಲಗೆ. ಉದ್ದಕ್ಕೂ ಹರಡಿಕೊಂಡಿದ್ದ ಮೀನೆಲ್ಲ ಒಂದೆರಡು ಗುಂಡಿಗಳಲ್ಲಿ ಸೇರಿಕೊಂಡಿರುತ್ತದೆ. ಬಾಯಿ ಹೆಚ್ಚು, ಮೇವು ಕಡಿಮೆ. ದಡದ ಅತ್ತಿಹಣ್ಣು ಬಿದ್ದರೂ ಮುಗಿಬೀಳುವ ಮೀನು ಅದು. ಅಲ್ಲಿ ನಿಮ್ಮ ಗಾಳ ಎಸೆದು, ಕಚ್ಚಿತು ಎಂದು ಫೋಟೊ ತೆಗೆದರೆ ತುಟಿಯ ಕೋನದ ಬಗ್ಗೆ ಏನು ತಿಳಿಯಿತು? ಬಣ್ಣದ ಬಗ್ಗೆ, ಅದುರಿನ ಬಗ್ಗೆ? ಮೀನಿಗೆ ಹಸಿವಾಗಿತ್ತು ಎಂಬುದಷ್ಟೇ ತಿಳಿಯಿತು. ಉಪವಾಸ ಇದ್ದವನಿಗೆ ಗಂಜಿ ಬಡಿಸಿ ಅಡುಗೆಯ ರುಚಿ ಕೇಳಿದ ಹಾಗೆ.

ಇನ್ನು ಕೊಕ್ಕೆ. ಮಹಶೀರ್‌ನ ದವಡೆಯಲ್ಲಿ ಹಲ್ಲಿಲ್ಲ, ಹಲ್ಲಿರುವುದು ಗಂಟಲಿನಲ್ಲಿ. ಸಿಕ್ಕಿದ್ದನ್ನು ಒಳಗೆಳೆದುಕೊಂಡು ಅಲ್ಲಿ ಪುಡಿಮಾಡುತ್ತದೆ. ದಪ್ಪ ತುಟಿಗೆ ಒಂದು ಕೊಕ್ಕೆ ನೆಟ್ಟಿತು ಎನ್ನಿ, ಒದ್ದಾಟದಲ್ಲಿ ಇನ್ನೊಂದು ಕೊಕ್ಕೆ ಕಣ್ಣಿಗೋ ಕಿವಿರಿಗೋ ಸಿಕ್ಕಿಕೊಳ್ಳುತ್ತದೆ. ಒಟ್ಟು ಆರು ಮೊನೆ. ‘ಹಿಡಿದು ಬಿಟ್ಟುಬಿಡ್ತೇವೆ’ ಎನ್ನುತ್ತೀರಿ, ಆ ಮಾತನ್ನು ನಂಬುತ್ತೇನೆ. ಆದರೆ ಬಿಟ್ಟ ಮೀನು ಬದುಕಲು ನೀರಿನಲ್ಲಿ ಉಸಿರಿರಬೇಕು. 10 ಡಿಗ್ರಿಯ ನೀರು ಲೀಟರಿಗೆ ಸುಮಾರು 11 ಮಿಲಿಗ್ರಾಂ ಆಮ್ಲಜನಕ ಹಿಡಿದಿಟ್ಟುಕೊಳ್ಳಬಲ್ಲದು. 30 ಡಿಗ್ರಿಗೆ ಬಂದರೆ ಏಳೂವರೆಯ ಆಸುಪಾಸು, ಅದೂ ಗಾಳಿ ಚೆನ್ನಾಗಿ ಬೆರೆತ ನೀರಿನಲ್ಲಿ. ನಿಂತ ಕಯದಲ್ಲಿ ಅಷ್ಟೂ ಇರುವುದಿಲ್ಲ. ಬಿಸಿನೀರಿನಲ್ಲಿ ಮೀನಿಗೆ ಬೇಕಾದ ಉಸಿರು ಹೆಚ್ಚು, ಸಿಗುವುದು ಕಡಿಮೆ. ದಾರದ ತುದಿಯಲ್ಲಿ ಸೋತು ಸುಣ್ಣವಾದದ್ದು ನಿಮ್ಮ ಕೈಯಿಂದ ಜಾರಿ ಈಜಿ ಹೋಗುತ್ತದೆ, ನೀವು ಸಮಾಧಾನದಿಂದ ಮನೆಗೆ ಹೋಗುತ್ತೀರಿ. ಅದು ಸಾಯುವುದು ಆಮೇಲೆ. ತಣ್ಣೀರಿನ ನಾಡಿನಿಂದ ಗಾಳ ತರಿಸಿಕೊಳ್ಳಬಹುದು, ಅಲ್ಲಿ ಬಿಟ್ಟ ಮೀನನ್ನು ಉಳಿಸುವ ತಣ್ಣೀರನ್ನು ತರಿಸಿಕೊಳ್ಳಲಾಗದು.

ಸುಳ್ಯದ ತೊಡಿಕಾನಕ್ಕೆ ಹೋಗಿದ್ದೀರಲ್ಲ? ಮಲ್ಲಿಕಾರ್ಜುನ ದೇವಸ್ಥಾನದ ಬಳಿಯ ಮತ್ಸ್ಯತೀರ್ಥದಲ್ಲಿ ಭಕ್ತರು ಅಕ್ಕಿ ಹಾಕುತ್ತಾರೆ, ಮನುಷ್ಯನ ನೆರಳು ಬಿದ್ದರೆ ಸಾಕು, ಮೀನು ಮೇಲೆ ಬರುತ್ತದೆ. ಅಲ್ಲಿ ಯಾರೂ ಗಾಳ ಹಾಕುವುದಿಲ್ಲ. ಅಲ್ಲಿಂದ ಕೆಳಗೆ ಹಾಕಿದರೇನು ಎಂದು ಕೇಳುವವರಿದ್ದಾರೆ. ಮಳೆಗಾಲದಲ್ಲಿ ಮೀನಿಗೆ ಹೊಳೆಯೆಲ್ಲ ಒಂದೇ. ಮೇಲಿನ ಗುಂಡಿಯಲ್ಲಿ ಅಕ್ಕಿ ತಿಂದು ಬೆಳೆದದ್ದೇ ಕೆಳಗಿನ ಕಯದಲ್ಲಿ ನಿಮ್ಮ ಪ್ಲಾಸ್ಟಿಕ್ಕನ್ನು ನಂಬಿ ಬರುತ್ತದೆ. ಪಕ್ಕದ ಬೆಳ್ತಂಗಡಿಯ ಶಿಶಿಲದಲ್ಲಿ 1996ರಲ್ಲಿ ಕಪಿಲೆಗೆ ವಿಷ ಹಾಕಿ ಸಾವಿರಾರು ದೇವರ ಮೀನನ್ನು ಕೊಂದರು. ಊರವರು ಆ ಮೀನುಗಳಿಗೊಂದು ಸ್ಮಾರಕ ಕಟ್ಟಿದ್ದಾರೆ. ನೀವು ವಿಷ ಹಾಕುವವರಲ್ಲ. ಆದರೆ ಮೀನಿಗೆ ಸ್ಮಾರಕ ಕಟ್ಟಿದ ಸೀಮೆಗೆ ಗಾಳ ಹಿಡಿದು ಬರುತ್ತಿದ್ದೀರಿ ಎಂಬುದು ನೆನಪಿರಲಿ.

ಗಾಳದವರು ಮೀನಿನ ಕಾವಲಿಗೆ ನಿಂತ ಉದಾಹರಣೆ ನಮ್ಮ ರಾಜ್ಯದಲ್ಲೇ ಇದೆ. ಕಾವೇರಿಯ ಭೀಮೇಶ್ವರಿ, ಗಾಲಿಬೋರೆಗಳಲ್ಲಿ ಹಿಡಿದು ತೂಗಿ ಬಿಡುವ ಶಿಬಿರಗಳಿದ್ದ ಕಾಲದಲ್ಲಿ ಸ್ಥಳೀಯರೇ ಕಾವಲುಗಾರರಾಗಿ ತೋಟೆ ಹಾಕುವವರನ್ನು ತಡೆದರು. ಅಷ್ಟಾದರೂ ಅಲ್ಲಿನ ಗೂನುಬೆನ್ನಿನ ಮಹಶೀರ್ ಅನ್ನು 2018ರಲ್ಲಿ ಐಯುಸಿಎನ್ ಅಳಿವಿನ ತೀರಾ ಅಂಚಿನಲ್ಲಿರುವ ಜೀವಿಗಳ ಪಟ್ಟಿಗೆ ಸೇರಿಸಬೇಕಾಯಿತು. ಕಾವೇರಿಯಂಥ ಮಹಾನದಿಯ ಪಾಡೇ ಹಾಗಾದರೆ ನಮ್ಮ ಗಿಡ್ಡ ಹೊಳೆಗಳು ಎಷ್ಟು ತಡೆದುಕೊಂಡಾವು?

ಹಾಗಾದರೆ ಹೊಸ ಗಾಳವನ್ನು ಪರೀಕ್ಷಿಸುವುದೇ ಬೇಡವೇ? ಖಂಡಿತ ಪರೀಕ್ಷಿಸಿ, ಸರಿಯಾಗಿ ಪರೀಕ್ಷಿಸಿ. ಯಾವುದಾದರೂ ತೋಟದ ಕೆರೆಗೋ ಮದಕಕ್ಕೋ ಹೋಗಿ, ಒಡೆಯರನ್ನು ಕೇಳಿಕೊಂಡು. ಕೊಕ್ಕೆಯನ್ನು ಪೂರ್ತಿ ಕಳಚಬೇಡಿ, ಕಳಚಿದರೆ ಗಾಳದ ತೂಕ ತಪ್ಪಿ ಅದುರೇ ಬದಲಾಗುತ್ತದೆ. ಇಕ್ಕಳದಿಂದ ಮೊನೆಗಳನ್ನಷ್ಟೇ ಕತ್ತರಿಸಿ, ಕಳೆದ ತೂಕಕ್ಕೆ ಸಣ್ಣ ಸೀಸದ ತಂತಿ ಸುತ್ತಿ. ಬಿದಿರಿನ ಗಳಕ್ಕೆ ಅಡಿಯಡಿಗೆ ಗುರುತು ಹಾಕಿ ನೀರಿಗೆ ಊರಿ, ಗಾಳ ಅದರ ಪಕ್ಕದಲ್ಲಿ ಹಾದುಬರುವಂತೆ ಎಳೆಯಿರಿ. ಎಷ್ಟು ಆಳಕ್ಕಿಳಿಯಿತು, ಯಾವ ವೇಗದಲ್ಲಿ ಮೈ ವಾಲಿತು, ದಾರ ಬದಲಿಸಿದರೆ ಏನಾಯಿತು, ಎಲ್ಲ ಕಣ್ಣಿಗೇ ಕಾಣುತ್ತದೆ.

ಮೀನಿನ ಅಭಿಪ್ರಾಯವೇ ಬೇಕೆಂದರೆ ಡಿಸೆಂಬರಿನಲ್ಲಿ, ನೀರು ತಿಳಿಯಾಗಿ ಇನ್ನೂ ಹರಿಯುತ್ತಿರುವಾಗ, ದೇವರ ಗುಂಡಿಗಳಿಂದಲೂ ಪುಷ್ಪಗಿರಿ ವನ್ಯಜೀವಿಧಾಮದಿಂದಲೂ ದೂರದಲ್ಲಿ, ಮೊನೆಯಿಲ್ಲದ ಅದೇ ಗಾಳವನ್ನು ಎಸೆಯಿರಿ. ಆಗ ಮೀನಿಗೆ ಮೇವಿರುತ್ತದೆ, ಓಡಲು ಜಾಗವಿರುತ್ತದೆ, ಬೇಡ ಎನ್ನುವ ಸ್ವಾತಂತ್ರ್ಯವಿರುತ್ತದೆ. ಅಂಥ ಮೀನು ಬೆನ್ನಟ್ಟಿ ಬಂದು ಗುದ್ದಿದರೆ ಗಾಳ ಗೆದ್ದಿತು ಎನ್ನಲು ನನ್ನದೇನೂ ಅಡ್ಡಿಯಿಲ್ಲ. ಜೂನಿನ ಮೊದಲ ಮಳೆಗೆ ಮೊಟ್ಟೆಯಿಡಲು ಮೇಲೇರುವ ಉಬರ್ ಮೀನಿನ ದಾರಿಯಲ್ಲಿ ಮಾತ್ರ ಯಾವ ಗಾಳವನ್ನೂ ಹಾಕಬೇಡಿ, ಮೊನೆ ಇದ್ದರೂ ಇಲ್ಲದಿದ್ದರೂ.

ಈ ವರ್ಷ ಯಾರಾದರೂ ಹೀಗೆ ಮಾಡಿ ಲೆಕ್ಕ ಬರೆದಿಟ್ಟರೆ ನನಗೂ ತೋರಿಸಿ. ಗಳ ನಾನು ಕಡಿದುಕೊಡುತ್ತೇನೆ.

ಇಂತಿ,
ಕುಮಾರಧಾರೆಯ ದಡದ ಒಬ್ಬ ಗಾಳಗಾರ