ಅಪ್ಪ: ಬಳಕೆದಾರರ ಕೈಪಿಡಿ

ಸಂಗೀತದ ಕ್ಲಾಸಿಗೆ ಅಪ್ಪನನ್ನು ಜೊತೆಗೆ ಒಯ್ಯಲು ನಿರ್ಧರಿಸಿದ ಪುಟಾಣಿ ಗ್ರಾಹಕರಿಗೆ ಅಭಿನಂದನೆಗಳು. ಬಳಸುವ ಮುನ್ನ ಈ ಕೈಪಿಡಿಯನ್ನು ಪೂರ್ತಿ ಓದಿ. ಓದಲು ಬಾರದಿದ್ದರೆ ಅಪ್ಪನಿಂದಲೇ ಓದಿಸಿ; ಇದು ತಮ್ಮ ಬಗ್ಗೆಯೇ ಬರೆದದ್ದೆಂದು ಅವರಿಗೆ ಹೊಳೆಯುವ ಸಂಭವ ಕಡಿಮೆ.

ಸ್ಥಾಪನೆ: ಶನಿವಾರ ಬೆಳಿಗ್ಗೆ ಬಸವನಗುಡಿಯಲ್ಲಿ ಪಾರ್ಕಿಂಗ್ ಸಿಗುವುದಿಲ್ಲವಾದ್ದರಿಂದ ಅಪ್ಪ ಕಾದೇ ಒಳಗೆ ಬರುತ್ತಾರೆ. ತಣಿಯಲು ಬಿಡಿ. ಆಮೇಲೆ ಚಾಪೆಯ ಮೇಲೆ, ಗೋಡೆಗೆ ಒರಗಿಸಿ, ಮೇಷ್ಟ್ರ ಕಣ್ಣಿಗೆ ನೇರ ಬೀಳದಂತೆ ಕೂರಿಸಿ. ಚಕ್ಕಳಮಕ್ಕಳ ಹಾಕುವಾಗ ಮಂಡಿಯಿಂದ ಬರುವ ಸದ್ದು ತಯಾರಿಕೆಯ ದೋಷವಲ್ಲ.

ಶ್ರುತಿಪೆಟ್ಟಿಗೆಯನ್ನು ನಿಮ್ಮ ಐದೂವರೆ ಮನೆಗೆ ಇಟ್ಟಿರುತ್ತಾರೆ. ಅಪ್ಪನದು ಒಂದು ಮನೆ, ಹೆಚ್ಚೆಂದರೆ ಒಂದೂವರೆ. ಹೀಗಾಗಿ ಕೆಳಗಿನ ಸ್ಥಾಯಿ ಹಿಡಿದರೆ ಗುರುಗುಟ್ಟುತ್ತಾರೆ, ಮೇಲಿನದು ಹಿಡಿದರೆ ತಾರಷಡ್ಜ ಮುಟ್ಟುವ ಮೊದಲೇ ಕೆಮ್ಮು ಬರುತ್ತದೆ. ವಾಲ್ಯೂಮ್ ತಗ್ಗಿಸುವ ಗುಂಡಿ ಈ ಮಾದರಿಯಲ್ಲಿ ಇಲ್ಲ.

ಪಾಠ ಮಾಯಾಮಾಳವಗೌಳದಲ್ಲಿ ಶುರು. 72 ಮೇಳಕರ್ತಗಳಿರುವಾಗ 15ನೆಯದರಿಂದ ಯಾಕೆ ಶುರುಮಾಡಬೇಕು ಎಂದು ಅಪ್ಪ ಕೇಳಿಯೇ ಕೇಳುತ್ತಾರೆ (ಎಂಜಿನಿಯರ್ ಮಾದರಿಗಳಲ್ಲಿ ಇದು ಖಚಿತ). ಪುರಂದರದಾಸರು ಹಾಗೆ ಹಾಕಿಕೊಟ್ಟರಂತೆ ಎನ್ನಿ. ಸಾಲದಿದ್ದರೆ, ಸರಿಗಮದಲ್ಲಿರುವ ಅಂತರಗಳೇ ಪದನಿಸದಲ್ಲೂ ಬರುತ್ತವೆ, ಅರ್ಧ ಕಲಿತರೆ ಉಳಿದರ್ಧ ಕೈಗೆ ಬಂದಂತೆ ಎನ್ನಿ. ತಲೆದೂಗುತ್ತಾರೆ. ತಲೆದೂಗುವುದು ಬೇರೆ, ಹಾಡುವುದು ಬೇರೆ. ರಿಷಭ ಇಲ್ಲಿ ಷಡ್ಜದ ಮಗ್ಗುಲಲ್ಲೇ ಇರಬೇಕು. ಸಿನಿಮಾ ಹಾಡಿನಲ್ಲಿ ಪಳಗಿದ ಗಂಟಲು ಅದನ್ನು ಚತುಶ್ರುತಿಗೆ ಎತ್ತಿಬಿಡುತ್ತದೆ. ನೀವು ತಿದ್ದಲು ಹೋಗಬೇಡಿ. ಮೇಷ್ಟ್ರು ಕಣ್ಣು ಮುಚ್ಚಿಕೊಳ್ಳುತ್ತಾರೆ, ಅಷ್ಟು ಸಾಕು.

ಎಚ್ಚರಿಕೆ: ಆದಿತಾಳ. ಎಂಟೇ ಎಣಿಕೆ. ತೊಡೆಯ ಮೇಲೊಂದು ಪೆಟ್ಟು, ಕಿರುಬೆರಳಿನಿಂದ ಮೊದಲಾಗಿ ಮೂರು ಬೆರಳು, ಆಮೇಲೆ ಪೆಟ್ಟು–ಹುಸಿ, ಪೆಟ್ಟು–ಹುಸಿ. ನಿಮಗೆ ಬೇಗ ಬರುತ್ತದೆ. ಅಪ್ಪನ ಬಾಯಿಗೂ ಬಲಗೈಗೂ ಒಂದೇ ವೈರಿಂಗ್ ಆದ್ದರಿಂದ ಬಾಯಿ ಎರಡನೇ ಕಾಲಕ್ಕೆ ಹಾರಿದರೆ ಕೈಯೂ ಹಿಂದೆಯೇ ಓಡುತ್ತದೆ. ಮೂರನೇ ಕಾಲದಲ್ಲಿ ಉಂಗುರಬೆರಳನ್ನು ಹೆಬ್ಬೆರಳಿಗೆ ಒತ್ತಿ ಹಿಡಿದು, ಇದು ಎಷ್ಟನೆಯದು ಎಂದು ಅದನ್ನೇ ದಿಟ್ಟಿಸುತ್ತ ಕೂತುಬಿಡುತ್ತಾರೆ. ಆಗ ಅವರ ಮುಖ ನೋಡಬೇಡಿ. ನಕ್ಕರೆ ನಿಮ್ಮ ತಾಳವೂ ಹೋಯಿತು.

ಮನೆಗೆ ಮರಳುವಾಗ ಸಾಮಾನ್ಯವಾಗಿ ಕೇಳಿಬರುವ ದೋಷ: “ಪಕ್ಕದ ಹುಡುಗಿ ಆಗಲೇ ಗೀತೆಗೆ ಬಂದಳು, ನೀನಿನ್ನೂ ಜಂಟಿವರಸೆ. ಜೂನಿಯರ್ ಪರೀಕ್ಷೆ ಕಟ್ಟೋದು ಯಾವಾಗ?” ಗಾಬರಿ ಬೇಡ. ಅವಳ ಗೀತೆ ಮಲಹರಿಯಲ್ಲಿದೆ, ಮಲಹರಿಯಲ್ಲಿ ನಿಷಾದವೇ ಇಲ್ಲ, ಏರುವಾಗ ಗಾಂಧಾರವೂ ಇಲ್ಲ, ನಾನು ಹಾಡೋದು ಏಳೂ ಸ್ವರ ಎಂದು ತಿಳಿಸಿ. ಮುಂದಿನ ಸಿಗ್ನಲ್‌ವರೆಗೆ ಸದ್ದಿರುವುದಿಲ್ಲ.

ಕೆಲವು ತಿಂಗಳ ಬಳಕೆಯ ನಂತರ ಅಪ್ಪ ತಾವಾಗಿಯೇ ಚಾಲೂ ಆಗುವುದುಂಟು: ಟ್ರಾಫಿಕ್ಕಿನಲ್ಲಿ ಸ್ಟೀರಿಂಗ್ ಮೇಲೆ ಬೆರಳೆಣಿಕೆ, ಬಚ್ಚಲುಮನೆಯಿಂದ ಜಂಟಿವರಸೆ. ರಿಪೇರಿ ಇಲ್ಲ, ಬೇಕಾಗಿಯೂ ಇಲ್ಲ. ಆದರೆ ಹೊಸ ನೋಟುಪುಸ್ತಕ ಕೊಂಡು ಅದರ ಮೇಲೆ ತಮ್ಮ ಹೆಸರನ್ನೇ ಬರೆದುಕೊಂಡರೆ ಅಮ್ಮನಿಗೆ ಸುದ್ದಿ ಮುಟ್ಟಿಸಿ. ಮುಂದಿನ ತಿಂಗಳು ಮೇಷ್ಟ್ರು ಎರಡು ಫೀಸು ಕೇಳಬಹುದು. ಅದು ವಾರಂಟಿಯಲ್ಲಿ ಸೇರಿಲ್ಲ.